ಚಿಕ್ಕ ವಿಮಾನ ನಿಲ್ದಾಣದಲ್ಲಿ ಮೀಸಲು ಪಾರ್ಕಿಂಗ್: ಕಾರಿನಿಂದ ಕೌಂಟರಿನವರೆಗೆ, ಮರಳಿ ಕಾರಿನವರೆಗೆ

ವಿಮಾನ ಪ್ರಯಾಣದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಟರ್ಮಿನಲ್ ಬಾಗಿಲಿನಿಂದ ಶುರುವಾಗುತ್ತವೆ. ಗಾಲಿಕುರ್ಚಿ ಬಳಸುವವರಿಗೆ, ಊರುಗೋಲಿನ ಆಸರೆಯಲ್ಲಿ ನಡೆಯುವವರಿಗೆ, ಇಪ್ಪತ್ತು ಹೆಜ್ಜೆ ಹಾಕಿದರೆ ಕುಳಿತು ಸುಧಾರಿಸಿಕೊಳ್ಳಬೇಕಾದ ವಯೋವೃದ್ಧರಿಗೆ ಕಷ್ಟ ಎದುರಾಗುವುದು ಅದಕ್ಕೂ ಮೊದಲು, ಕಾರು ನಿಂತ ಜಾಗದಲ್ಲಿ. ಬಾಗಿಲು ಪೂರ್ತಿ ತೆರೆಯುತ್ತದೆಯೇ, ಕುರ್ಚಿಯನ್ನು ಇಳಿಸಲು ಪಕ್ಕದಲ್ಲಿ ಸ್ಥಳವಿದೆಯೇ, ಅಲ್ಲಿಂದ ಮುಂದಕ್ಕೆ ಮೆಟ್ಟಿಲಿಲ್ಲದ ದಾರಿ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಕೈಯಲ್ಲಿರುವ ಟಿಕೆಟ್ಟಿನಿಂದ ಹೆಚ್ಚೇನೂ ಪ್ರಯೋಜನವಾಗುವುದಿಲ್ಲ.

ಚಿಕ್ಕ ನಿಲ್ದಾಣದಲ್ಲಿ ಒಂದು ದೊಡ್ಡ ಅನುಕೂಲವಿದೆ: ಅಂತರಗಳು ಕಡಿಮೆ. ಪಾರ್ಕಿಂಗ್ ಸಾಮಾನ್ಯವಾಗಿ ಟರ್ಮಿನಲ್ಲಿನ ಎದುರಿಗೇ ಇರುತ್ತದೆ. ಷಟಲ್ ಬಸ್ಸು, ಲಿಫ್ಟು, ನೆಲಮಾಳಿಗೆಗಳ ಗೊಡವೆಯಿಲ್ಲ. ಆದರೆ ಅಷ್ಟೇ ದೊಡ್ಡ ಅನನುಕೂಲವೂ ಇದೆ. ಅಂಗವಿಕಲರಿಗೆಂದು ಇಟ್ಟಿರುವ ಮೀಸಲು ಜಾಗಗಳು ಬೆರಳೆಣಿಕೆಯಷ್ಟಿರುತ್ತವೆ, ಕೆಲವೊಮ್ಮೆ ಒಂದೇ ಒಂದು. ಅಮೆರಿಕದ ಕಟ್ಟಡ ಮಾನದಂಡವನ್ನೇ ನೋಡಿದರೆ, 25ರವರೆಗೆ ಜಾಗಗಳಿರುವ ಪಾರ್ಕಿಂಗ್‌ನಲ್ಲಿ ಕನಿಷ್ಠ 1, 26ರಿಂದ 50ರವರೆಗೆ 2, 51ರಿಂದ 75ರವರೆಗೆ 3, 76ರಿಂದ 100ರವರೆಗೆ 4 ಮೀಸಲು ಜಾಗಗಳಿದ್ದರೆ ಸಾಕು. ಅಂದರೆ ನಿಯಮವನ್ನು ಚಾಚೂತಪ್ಪದೆ ಪಾಲಿಸಿದ ನಿಲ್ದಾಣದಲ್ಲಿಯೂ ನಿಮಗಿಂತ ಮೊದಲು ಇಬ್ಬರು ಬಂದಿದ್ದರೆ ಜಾಗ ಮುಗಿದಿರಬಹುದು. ಜೊತೆಗೆ, ಇಂತಹ ನಿಲ್ದಾಣಗಳಲ್ಲಿ ಸಿಬ್ಬಂದಿ ವಿಮಾನದ ವೇಳೆಗೆ ಬಂದು ವಿಮಾನ ಹೊರಟ ಮೇಲೆ ಹೋಗುವುದುಂಟು. ದಿನವಿಡೀ ತೆರೆದಿರುವ ವಿಚಾರಣಾ ಕೌಂಟರ್ ಇರುತ್ತದೆಂದು ನಂಬಿ ಹೊರಡುವಂತಿಲ್ಲ. ಆದುದರಿಂದ ಇಲ್ಲಿ ಎಲ್ಲವೂ ನಿಂತಿರುವುದು ಮುಂಚಿತವಾಗಿ ಮಾಡಿದ ಒಂದು ಫೋನ್ ಕರೆಯ ಮೇಲೆ ಮತ್ತು ಆ ಕರೆಯಲ್ಲಿ ಸರಿಯಾದ ಪ್ರಶ್ನೆಗಳನ್ನು ಕೇಳುವುದರ ಮೇಲೆ.

ಮೊದಲು ನಿಮ್ಮ ವಾಹನವನ್ನು ಅಳೆಯಿರಿ

ಫೋನ್ ಮಾಡುವ ಮೊದಲು ನಿಮಗೆ ಎಷ್ಟು ಜಾಗ ಬೇಕೆಂಬುದು ನಿಮಗೇ ಖಚಿತವಾಗಿರಬೇಕು. ಅಳತೆಪಟ್ಟಿ ಹಿಡಿದು ವಾಹನದ ಅಗಲ, ಬಾಗಿಲು ಪೂರ್ತಿ ತೆರೆದಾಗ ಅದು ಹೊರಚಾಚುವ ದೂರ, ಕುರ್ಚಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ ಆಸನದಿಂದ ಅದಕ್ಕೆ ಜರುಗಲು ಬೇಕಾಗುವ ಸ್ಥಳ, ಇವಿಷ್ಟನ್ನೂ ಬರೆದಿಟ್ಟುಕೊಳ್ಳಿ. ವಾಹನಕ್ಕೆ ಪಕ್ಕದಿಂದ ಚಾಚುವ ರ‍್ಯಾಂಪ್ ಇದ್ದರೆ ರ‍್ಯಾಂಪಿನ ಉದ್ದಕ್ಕೆ, ಅದರ ತುದಿಯಲ್ಲಿ ಕುರ್ಚಿ ತಿರುಗಲು ಬೇಕಾಗುವ ಸುಮಾರು ಒಂದೂವರೆ ಮೀಟರ್ ಸೇರಿಸಬೇಕು. ರ‍್ಯಾಂಪ್ ಹಿಂಬದಿಯಿಂದ ಇಳಿಯುವಂಥದ್ದಾದರೆ ಅಗಲಕ್ಕಿಂತ ಉದ್ದದ ಪ್ರಶ್ನೆಯೇ ಮುಖ್ಯವಾಗುತ್ತದೆ, ಏಕೆಂದರೆ ವಾಹನದ ಹಿಂದೆ ಗೋಡೆಯೋ ಇತರ ವಾಹನಗಳು ಓಡಾಡುವ ದಾರಿಯೋ ಇದ್ದರೆ ಇಳಿಯುವುದು ಅಪಾಯಕರ.

ಈ ಅಳತೆಗಳನ್ನು ಮಾನದಂಡಗಳ ಜೊತೆ ಹೋಲಿಸಿ ನೋಡಬಹುದು. ಅಮೆರಿಕದ 2010ರ ಮಾನದಂಡದಲ್ಲಿ ಕಾರಿನ ಮೀಸಲು ಜಾಗ ಕನಿಷ್ಠ 2,440 ಮಿ.ಮೀ. ಅಗಲವಿದ್ದು, ಅದರ ಪಕ್ಕದಲ್ಲಿ ಓರೆಗೆರೆಗಳನ್ನು ಎಳೆದ 1,525 ಮಿ.ಮೀ. ಅಗಲದ ಖಾಲಿ ಪಟ್ಟಿ ಇರಬೇಕು. ವ್ಯಾನಿಗಾದರೆ ಜಾಗವೇ 3,350 ಮಿ.ಮೀ. ಅಗಲವಿರಬೇಕು, ಇಲ್ಲವೇ ಪಕ್ಕದ ಪಟ್ಟಿ 2,440 ಮಿ.ಮೀ. ಇರಬೇಕು. ಭಾರತದ ಮಾರ್ಗಸೂಚಿಗಳು ಕನಿಷ್ಠ 3.6 ಮೀಟರ್ ಅಗಲವನ್ನು ಕೇಳುತ್ತವೆ ಮತ್ತು ಜಾಗವು ಕಟ್ಟಡದ ಪ್ರವೇಶದಿಂದ 30 ಮೀಟರಿನೊಳಗೆ ಇರಬೇಕೆನ್ನುತ್ತವೆ. ಸಂಖ್ಯೆಗಳು ದೇಶದಿಂದ ದೇಶಕ್ಕೆ ಬದಲಾದರೂ ಒಳಗಿನ ತತ್ವ ಒಂದೇ. ನನ್ನ ದೃಷ್ಟಿಯಲ್ಲಿ ನಿಜವಾದ ಮೀಸಲು ಜಾಗವೆಂದರೆ ಕಾರು ನಿಲ್ಲುವ ಚೌಕವಲ್ಲ, ಅದರ ಪಕ್ಕದ ಓರೆಗೆರೆಗಳ ಪಟ್ಟಿ. ಆ ಪಟ್ಟಿ ಇಲ್ಲದ ಕಡೆ ಎಷ್ಟು ದೊಡ್ಡ ಗಾಲಿಕುರ್ಚಿಯ ಚಿಹ್ನೆಯನ್ನು ಬರೆದಿದ್ದರೂ ಅದು ಬಾಗಿಲಿಗೆ ಹತ್ತಿರವಿರುವ ಮತ್ತೊಂದು ಮಾಮೂಲಿ ಜಾಗ, ಅಷ್ಟೇ.

ಇಳಿಜಾರನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅಮೆರಿಕದ ಮಾನದಂಡ ಮೀಸಲು ಜಾಗದಲ್ಲಿ 48ಕ್ಕೆ 1ಕ್ಕಿಂತ, ಅಂದರೆ ಒಂದು ಮೀಟರಿಗೆ ಸುಮಾರು 2 ಸೆಂ.ಮೀ.ಗಿಂತ ಹೆಚ್ಚಿನ ಇಳಿಜಾರನ್ನು ಒಪ್ಪುವುದಿಲ್ಲ. ಕಣ್ಣಿಗೆ ಸಮತಟ್ಟಾಗಿ ಕಾಣುವ ನೆಲದಲ್ಲಿಯೂ ಇದಕ್ಕಿಂತ ಹೆಚ್ಚು ಓರೆಯಿದ್ದರೆ, ಆಸನದಿಂದ ಕುರ್ಚಿಗೆ ಜರುಗುವ ಆ ಒಂದು ಗಳಿಗೆಯಲ್ಲಿ ಕುರ್ಚಿ ಸರಿಯುತ್ತದೆ, ಇಲ್ಲವೇ ತೆರೆದ ಬಾಗಿಲು ತಾನಾಗಿ ಮುಚ್ಚಿಕೊಂಡು ಕಾಲಿಗೆ ಬಡಿಯುತ್ತದೆ. ಮಳೆನೀರು ಹರಿದುಹೋಗಲೆಂದು ಪಾರ್ಕಿಂಗ್ ನೆಲಕ್ಕೆ ಒಂದಿಷ್ಟು ಓರೆ ಕೊಡುವುದು ವಾಡಿಕೆಯಾದ್ದರಿಂದ ಈ ಪ್ರಶ್ನೆಯನ್ನು ಬಿಡದೆ ಕೇಳಬೇಕು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲ್ಛಾವಣಿ ಎತ್ತರಿಸಿದ ವ್ಯಾನಿನಲ್ಲಿ ಅಥವಾ ಛಾವಣಿಯ ಮೇಲೆ ಕುರ್ಚಿಯ ಪೆಟ್ಟಿಗೆ ಕಟ್ಟಿದ ಕಾರಿನಲ್ಲಿ ಬರುವವರು ಪ್ರವೇಶದ್ವಾರದ ಎತ್ತರಮಿತಿಯನ್ನು ಮುಂಚೆಯೇ ತಿಳಿದಿರಬೇಕು. ವ್ಯಾನುಗಳಿಗಾಗಿ ಅಮೆರಿಕದ ಮಾನದಂಡ 2,490 ಮಿ.ಮೀ. ಎತ್ತರವನ್ನು ಜಾಗದಲ್ಲಿ ಮಾತ್ರವಲ್ಲದೆ ಅಲ್ಲಿಗೆ ಹೋಗಿಬರುವ ದಾರಿಯುದ್ದಕ್ಕೂ ಬಯಸುತ್ತದೆ.

ಫೋನಿನಲ್ಲಿ ಯಾರನ್ನು, ಏನನ್ನು ಕೇಳಬೇಕು

ಟಿಕೆಟ್ ಕೊಟ್ಟ ವಿಮಾನಯಾನ ಸಂಸ್ಥೆಯ ಗ್ರಾಹಕ ಸೇವೆಗೆ ಪಾರ್ಕಿಂಗ್ ವಿಷಯ ತಿಳಿದಿರುವುದು ಅಪರೂಪ. ನೇರವಾಗಿ ನಿಲ್ದಾಣದ ಕಚೇರಿಗೆ ಕರೆ ಮಾಡಿ, ಪಾರ್ಕಿಂಗ್ ಅನ್ನು ನಿಲ್ದಾಣವೇ ನಡೆಸುತ್ತದೆಯೋ ಗುತ್ತಿಗೆದಾರರು ನಡೆಸುತ್ತಾರೋ ಎಂದು ಮೊದಲು ಕೇಳಿ, ಗುತ್ತಿಗೆದಾರರಾದರೆ ಅವರ ಸ್ಥಳೀಯ ಸಂಖ್ಯೆಯನ್ನು ಪಡೆಯಿರಿ. ಚಿಕ್ಕ ನಿಲ್ದಾಣದ ಒಳ್ಳೆಯ ಗುಣವೇನೆಂದರೆ, ಕರೆ ಸ್ವೀಕರಿಸಿದವರು ಕಿಟಕಿಯಿಂದ ಹೊರಗೆ ನೋಡಿ ಉತ್ತರ ಹೇಳುವಷ್ಟು ಹತ್ತಿರದಲ್ಲಿ ಪಾರ್ಕಿಂಗ್ ಇರುತ್ತದೆ. ಅದನ್ನು ಬಳಸಿಕೊಳ್ಳಿ: ಜಾಗಗಳು ಎಷ್ಟಿವೆ, ಪಕ್ಕದಲ್ಲಿ ಓರೆಗೆರೆ ಪಟ್ಟಿ ಇದೆಯೇ, ನೆಲ ಡಾಂಬರೋ ಜಲ್ಲಿಯೋ ಎಂದು ಅವರನ್ನೇ ನೋಡಿ ಹೇಳಲು ಕೇಳಬಹುದು. ಸಡಿಲ ಜಲ್ಲಿಯ ಮೇಲೆ ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಹೂತುಹೋಗುತ್ತವೆ. ಹಾಗಿದ್ದರೆ ಬೇರೆ ವ್ಯವಸ್ಥೆಯನ್ನು ಆಗಲೇ ಮಾತಾಡಿಕೊಳ್ಳಬೇಕು.

ಮುಂದಿನ ಮುಖ್ಯ ಪ್ರಶ್ನೆ, ಮೀಸಲು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಿಸಬಹುದು ಎಂಬುದು. ಟರ್ಮಿನಲ್ಲಿಗೆ ತೀರ ಹತ್ತಿರದ ಮೀಸಲು ಜಾಗವು ಕೆಲವು ನಿಲ್ದಾಣಗಳಲ್ಲಿ ಇಳಿಸಿ ಹತ್ತಿಸಲು ಮಾತ್ರ, ನಿಮಿಷಗಳ ಲೆಕ್ಕದಲ್ಲಿ. ನಾಲ್ಕಾರು ದಿನ ಕಾರನ್ನು ಬಿಟ್ಟುಹೋಗುವ ದೀರ್ಘಾವಧಿ ನಿಲುಗಡೆ ಬೇರೆಡೆ ಇರುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಹೊರಟವರು ಮರಳಿ ಬಂದಾಗ ದಂಡದ ಚೀಟಿಯನ್ನೋ, ಎಳೆದೊಯ್ದ ಕಾರಿನ ಖಾಲಿ ಜಾಗವನ್ನೋ ಕಾಣಬೇಕಾಗುತ್ತದೆ. ಜಾಗವನ್ನು ಮುಂಗಡ ಕಾಯ್ದಿರಿಸಲು ಸಾಧ್ಯವೇ ಎಂದೂ ಕೇಳಿ. ಅಧಿಕೃತ ಬುಕಿಂಗ್ ಇಲ್ಲದಿದ್ದರೂ, ಬರುವ ದಿನ, ವೇಳೆ, ವಾಹನದ ಸಂಖ್ಯೆ ತಿಳಿಸಿದರೆ ಅಂದು ಬೆಳಿಗ್ಗೆ ಒಂದು ಕೋನ್ ಇಟ್ಟು ಜಾಗ ಹಿಡಿದಿಡುತ್ತೀರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಹಾಗೆ ಕೋನ್ ಇಟ್ಟರೆ ಅದನ್ನು ತೆಗೆಯುವವರು ಯಾರೆಂಬುದನ್ನೂ ಕೇಳಿಕೊಳ್ಳಿ, ಏಕೆಂದರೆ ಒಬ್ಬರೇ ಕಾರು ಓಡಿಸಿಕೊಂಡು ಬರುವ ಗಾಲಿಕುರ್ಚಿ ಬಳಕೆದಾರರಿಗೆ ಇಳಿದು ಕೋನ್ ಸರಿಸುವುದು ಆಗದ ಕೆಲಸ.

ಜಾಗದಿಂದ ಬಾಗಿಲಿನವರೆಗಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಕೇಳಬೇಕು. ಫುಟ್‌ಪಾತ್ ಅಂಚನ್ನು ತಗ್ಗಿಸಿ ಇಳಿಜಾರು ಮಾಡಿದ್ದಾರೆಯೇ, ಅದು ಓರೆಗೆರೆ ಪಟ್ಟಿಯ ನೇರಕ್ಕೇ ಇದೆಯೇ ಅಥವಾ ನಿಂತ ಕಾರುಗಳ ಹಿಂದಿನಿಂದ ಸುತ್ತಿ ಹೋಗಬೇಕೇ? ಈ ಕೊನೆಯ ಪ್ರಶ್ನೆ ಜೀವಕ್ಕೆ ಸಂಬಂಧಿಸಿದ್ದು. ಕುರ್ಚಿಯಲ್ಲಿ ಕುಳಿತವರ ತಲೆ ಹಿಂದಕ್ಕೆ ಸರಿಯುತ್ತಿರುವ ಕಾರಿನ ಚಾಲಕರ ಕನ್ನಡಿಗೆ ಸುಲಭವಾಗಿ ಕಾಣುವುದಿಲ್ಲ. ದಾರಿಯಲ್ಲಿ ಕುಳಿತುಕೊಳ್ಳಲು ಬೆಂಚು, ನೆರಳು, ರಾತ್ರಿ ಬೆಳಕು ಇದೆಯೇ ಎಂಬುದನ್ನೂ ಮರೆಯಬೇಡಿ.

ಪ್ರವೇಶದ್ವಾರದಲ್ಲಿ ಚೀಟಿ ಕೊಡುವ ಯಂತ್ರವನ್ನು ಕೈಯ ಬಲ ಕಡಿಮೆಯಿರುವ ಚಾಲಕರು ಮುಟ್ಟಲಾಗದಿದ್ದರೆ ಏನು ಮಾಡಬೇಕು, ಅಲ್ಲಿನ ಕರೆಗುಂಡಿ ಒತ್ತಿದರೆ ಉತ್ತರಿಸುವವರು ನಿಲ್ದಾಣದಲ್ಲೇ ಇರುತ್ತಾರೆಯೋ ಬೇರೆ ಊರಿನ ಕೇಂದ್ರದಲ್ಲಿಯೋ ಎಂದು ವಿಚಾರಿಸಿ. ಕಿವಿ ಕೇಳದವರಿಗೆ ಕರೆಗುಂಡಿ ನಿರುಪಯೋಗಿ, ಆದ್ದರಿಂದ ಸಂದೇಶ ಕಳಿಸಬಹುದಾದ ಮೊಬೈಲ್ ಸಂಖ್ಯೆಯನ್ನು ಕೇಳಿ ಪಡೆಯಿರಿ. ಹಣ ಪಾವತಿಸುವ ಯಂತ್ರದ ಗುಂಡಿಗಳು ಎಷ್ಟು ಎತ್ತರದಲ್ಲಿವೆ ಎಂಬುದೂ ಇದೇ ಸಾಲಿನ ಪ್ರಶ್ನೆ. ಕುಳಿತವರ ಕೈಗೆ ಎಟುಕಲೆಂದು ಅಮೆರಿಕದ ಮಾನದಂಡ ಸಾಮಾನ್ಯವಾಗಿ 380ರಿಂದ 1,220 ಮಿ.ಮೀ. ನಡುವಿನ ಎತ್ತರವನ್ನು ನಿಗದಿಮಾಡಿದೆ.

ಪರವಾನಗಿ ಕಾರ್ಡಿನ ಒಂದು ಇಕ್ಕಟ್ಟು

ಮೀಸಲು ಜಾಗ ಬಳಸಲು ಬಹುತೇಕ ದೇಶಗಳಲ್ಲಿ ಅಂಗವಿಕಲರ ಪಾರ್ಕಿಂಗ್ ಕಾರ್ಡು ಅಥವಾ ವಿಶೇಷ ನಂಬರ್ ಪ್ಲೇಟು ಬೇಕು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 1998ರ ಶಿಫಾರಸಿನ ನಂತರ ಒಂದೇ ಮಾದರಿಯ ತಿಳಿನೀಲಿ ಕಾರ್ಡು ರೂಢಿಗೆ ಬಂದಿತು. ಕಾರ್ಡು ಸಾಮಾನ್ಯವಾಗಿ ವ್ಯಕ್ತಿಗೆ ಸೇರಿದ್ದು, ವಾಹನಕ್ಕಲ್ಲ. ಕಾರ್ಡಿನ ಒಡೆಯರು ಚಾಲಕರಾಗಿರಲಿ, ಪಕ್ಕದಲ್ಲಿ ಕುಳಿತವರಾಗಿರಲಿ, ಅವರು ಪ್ರಯಾಣಿಸುವಾಗ ಮಾತ್ರ ಅದನ್ನು ಬಳಸಬಹುದು.

ಇಕ್ಕಟ್ಟು ಬರುವುದು ಇಲ್ಲಿಯೇ. ಕಾರು ನಿಂತಿರುವಷ್ಟು ದಿನವೂ ಮೂಲ ಕಾರ್ಡು ಡ್ಯಾಶ್‌ಬೋರ್ಡಿನ ಮೇಲೆ ಕಾಣುವಂತೆ ಇರಬೇಕು, ನಕಲು ಪ್ರತಿ ನಡೆಯುವುದಿಲ್ಲ. ಆದರೆ ತಲುಪುವ ಊರಿನಲ್ಲಿ ಬಾಡಿಗೆ ಕಾರಿಗೋ ನೆಂಟರ ಕಾರಿಗೋ ಅದೇ ಕಾರ್ಡು ಬೇಕಾಗುತ್ತದೆ. ಬಹಳಷ್ಟು ಮಂದಿ ಇದನ್ನು ಕಾರಿಗೆ ಬೀಗ ಹಾಕುವ ಹೊತ್ತಿನಲ್ಲಿ ನೆನಪಿಸಿಕೊಂಡು ಕಂಗಾಲಾಗುತ್ತಾರೆ. ಪಾರ್ಕಿಂಗ್ ಕಚೇರಿಯಲ್ಲಿ ಕಾರ್ಡನ್ನು ತೋರಿಸಿ, ವಾಹನದ ಸಂಖ್ಯೆಯನ್ನು ನೋಂದಾಯಿಸಿ, ಕಾರ್ಡನ್ನು ಜೊತೆಗೊಯ್ಯಲು ಅನುಮತಿ ಇದೆಯೇ ಎಂದು ಮೊದಲ ಕರೆಯಲ್ಲೇ ಕೇಳಿ, ಒಪ್ಪಿಗೆಯನ್ನು ಇಮೇಲ್ ಮೂಲಕ ಬರೆಸಿಕೊಂಡು, ಅದರ ಮುದ್ರಿತ ಪ್ರತಿಯನ್ನು ಕಾರಿನ ಗಾಜಿನ ಬಳಿ ಇಡಿ. ಒಪ್ಪಿಗೆ ಸಿಗದಿದ್ದರೆ ಕಾರ್ಡು ಎಲ್ಲಿ ಹೆಚ್ಚು ಅಗತ್ಯವೆಂದು ನೋಡಿ ನಿರ್ಧರಿಸಬೇಕು. ಕಾರ್ಡಿನ ಅವಧಿ ನೀವು ಮರಳುವ ದಿನದವರೆಗೂ ಇದೆಯೇ ಎಂದು ಕೂಡ ನೋಡಿಕೊಳ್ಳಿ. ಹೊರಡುವ ದಿನ ಮಾತ್ರ ಊರ್ಜಿತವಿದ್ದರೆ ಸಾಲದು.

ಕಾರ್ಡು ಇದ್ದ ಮಾತ್ರಕ್ಕೆ ಶುಲ್ಕವಿಲ್ಲವೆಂದು ಭಾವಿಸಬಾರದು. ಉದಾಹರಣೆಗೆ, ಬ್ರಿಟನ್ನಿನ ಇಂತಹ ಕಾರ್ಡಾದ ಬ್ಲೂ ಬ್ಯಾಡ್ಜ್‌ನ ರಿಯಾಯಿತಿಗಳು ಮುಖ್ಯವಾಗಿ ರಸ್ತೆಬದಿಯ ನಿಲುಗಡೆಗೆ ಅನ್ವಯಿಸುತ್ತವೆ. ವಿಮಾನ ನಿಲ್ದಾಣದಂತಹ ರಸ್ತೆಯಾಚೆಯ ಪಾರ್ಕಿಂಗ್‌ನಲ್ಲಿ ಅದನ್ನು ನಡೆಸುವವರ ನಿಯಮವೇ ನಡೆಯುತ್ತದೆ.

ಕಾರ್ಡು ಇಲ್ಲದವರು, ಅಂದರೆ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿರುವವರು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು, ವಯಸ್ಸಿನಿಂದ ನಡಿಗೆ ಕುಂದಿದವರು, ನಿರಾಶರಾಗಬೇಕಾಗಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಇಂಥವರಿಗೆ ತಾತ್ಕಾಲಿಕ ಪಾರ್ಕಿಂಗ್ ಕಾರ್ಡು ದೊರೆಯುತ್ತದೆ. ಅದು ಸಿಗದ ಕಡೆಗಳಲ್ಲಿಯೂ ಪಾರ್ಕಿಂಗ್ ಜಾಗಕ್ಕೂ ನಿಲ್ದಾಣದ ನೆರವಿಗೂ ಇರುವ ವ್ಯತ್ಯಾಸವನ್ನು ತಿಳಿದಿರಬೇಕು: ಮೀಸಲು ಜಾಗಕ್ಕೆ ಕಾರ್ಡು ಬೇಕಾಗಬಹುದು, ಆದರೆ ಐರೋಪ್ಯ ಒಕ್ಕೂಟದ 2006ರ 1107ನೇ ನಿಯಮದಲ್ಲಿ ನೆರವಿಗೆ ಅರ್ಹರಾದವರ ವ್ಯಾಖ್ಯೆಯಲ್ಲಿ ತಾತ್ಕಾಲಿಕ ತೊಂದರೆ ಇರುವವರೂ ವಯಸ್ಸಿನಿಂದ ಚಲನೆ ಕುಂದಿದವರೂ ಸೇರಿದ್ದಾರೆ. ಮಾಮೂಲಿ ಜಾಗದಲ್ಲಿ ನಿಲ್ಲಿಸಿದರೂ ಗಾಲಿಕುರ್ಚಿಯ ನೆರವು ಕೇಳುವುದು ಆ ನಿಯಮದಡಿ ಅವರ ಹಕ್ಕು.

48 ಗಂಟೆಗಳ ಸೂಚನೆ

ಪಾರ್ಕಿಂಗ್ ವ್ಯವಸ್ಥೆ ಮುಗಿದ ಮೇಲೆ ನೆರವು ಬೇಕೆಂಬುದನ್ನು ವಿಮಾನಯಾನ ಸಂಸ್ಥೆಗೆ ಪ್ರತ್ಯೇಕವಾಗಿ ತಿಳಿಸಬೇಕು. ಐರೋಪ್ಯ ನಿಯಮದಲ್ಲಿಯೂ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಲ್ಲಿಯೂ ಈ ಸೂಚನೆಯ ಅವಧಿ 48 ಗಂಟೆ. ಅಮೆರಿಕದಲ್ಲಿ ಸಾಮಾನ್ಯ ನೆರವಿಗೆ ಮುಂಗಡ ಸೂಚನೆಯನ್ನು ಕಡ್ಡಾಯ ಮಾಡುವಂತಿಲ್ಲ. ಆದರೆ 60ಕ್ಕಿಂತ ಕಡಿಮೆ ಆಸನಗಳ ವಿಮಾನದಲ್ಲಿ ವಿದ್ಯುತ್ ಚಾಲಿತ ಗಾಲಿಕುರ್ಚಿಯನ್ನು ಒಯ್ಯಲು 48 ಗಂಟೆ ಮೊದಲು ತಿಳಿಸುವಂತೆ ಸಂಸ್ಥೆ ಕೇಳಬಹುದು. ಚಿಕ್ಕ ನಿಲ್ದಾಣಗಳಿಗೆ ಬರುವ ವಿಮಾನಗಳು ಹೆಚ್ಚಾಗಿ ಚಿಕ್ಕವೇ ಆದ್ದರಿಂದ ಈ ಮಾತು ಇಲ್ಲಿ ತೀರ ಪ್ರಸ್ತುತ.

ತಿಳಿಸುವಾಗ ನಿಮ್ಮ ಅಗತ್ಯಕ್ಕೆ ಹೊಂದುವ ಸಂಕೇತವನ್ನು ಟಿಕೆಟ್ಟಿನಲ್ಲಿ ಸೇರಿಸುತ್ತಾರೆ. ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲು ಹತ್ತಲಾರರು, ವಿಮಾನದೊಳಗೆ ಆಸನದವರೆಗೆ ನಡೆಯಬಲ್ಲರು. ಡಬ್ಲ್ಯುಸಿಎಚ್‌ಸಿ ಎಂದರೆ ಆಸನದವರೆಗೂ ನೆರವು ಬೇಕು. ಏರೋಬ್ರಿಡ್ಜ್ (ಟರ್ಮಿನಲ್ಲಿನಿಂದ ವಿಮಾನದ ಬಾಗಿಲಿಗೆ ಸೇರುವ ಸೇತುವೆ) ಇಲ್ಲದ ನಿಲ್ದಾಣದಲ್ಲಿ ಮೊದಲೆರಡರ ನಡುವಿನ ವ್ಯತ್ಯಾಸವೇ ಆಂಬುಲಿಫ್ಟ್, ಅಂದರೆ ಕುರ್ಚಿಯಲ್ಲಿ ಕುಳಿತವರನ್ನು ವಿಮಾನದ ಬಾಗಿಲಿನ ಎತ್ತರಕ್ಕೆ ಎತ್ತುವ ವಾಹನ, ಸಿದ್ಧವಿರುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ಸಂಕೋಚದಿಂದ ‘ಹೇಗೋ ಹತ್ತುತ್ತೇನೆ’ ಎನ್ನಬೇಡಿ. ಇವುಗಳಲ್ಲಿ ಯಾವುದೂ ‘ಕಾರಿನಿಂದಲೇ ನೆರವು ಬೇಕು’ ಎಂಬುದನ್ನು ಹೇಳುವುದಿಲ್ಲ. ಅದನ್ನು ಬಾಯಿಮಾತಿನಲ್ಲಿ ಬೇರೆಯಾಗಿಯೇ ತಿಳಿಸಿ, ದಾಖಲಿಸಿಕೊಂಡಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಐರೋಪ್ಯ ನಿಯಮವು ನಿಲ್ದಾಣದ ಆವರಣದಲ್ಲಿ, ಟರ್ಮಿನಲ್ಲಿನ ಒಳಗೂ ಹೊರಗೂ, ನೆರವು ಕೋರುವ ನಿಗದಿತ ಸ್ಥಳಗಳಿರಬೇಕೆನ್ನುತ್ತದೆ. ಪಾರ್ಕಿಂಗ್ ಇಂತಹ ಸ್ಥಳವಾಗಬಹುದು. ಬರಬೇಕಾದ ಸಮಯವನ್ನು ನಿಮಗೆ ಬರಹದಲ್ಲಿ ತಿಳಿಸಿರದಿದ್ದಾಗ, ವಿಮಾನ ಹೊರಡುವ ಸಮಯಕ್ಕಿಂತ ಒಂದು ಗಂಟೆ ಮೊದಲು ಚೆಕ್‌ಇನ್‌ಗೆ, ಈ ನಿಗದಿತ ಸ್ಥಳಗಳಿಗೆ ಎರಡು ಗಂಟೆ ಮೊದಲು ಬಂದಿರಬೇಕು. ಪಾರ್ಕಿಂಗ್‌ನಿಂದಲೇ ನೆರವು ಬಯಸುವವರು ಎರಡನೆಯದನ್ನು ಲೆಕ್ಕ ಹಿಡಿಯಬೇಕು. ವರ್ಷಕ್ಕೆ 1,50,000ಕ್ಕಿಂತ ಕಡಿಮೆ ವಾಣಿಜ್ಯ ಪ್ರಯಾಣಿಕರಿರುವ ನಿಲ್ದಾಣಗಳಿಗೆ ಅದೇ ನಿಯಮ ನೆರವಿನ ಗುಣಮಟ್ಟದ ಲಿಖಿತ ಮಾನದಂಡ ರೂಪಿಸುವುದರಿಂದ ವಿನಾಯಿತಿ ಕೊಟ್ಟಿದೆ. ನೆರವು ಕೊಡುವ ಹೊಣೆಯಿಂದ ವಿನಾಯಿತಿ ಇಲ್ಲ. ‘ನಮ್ಮದು ಚಿಕ್ಕ ನಿಲ್ದಾಣ, ನಮಗೆ ಅನ್ವಯಿಸುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಈ ವ್ಯತ್ಯಾಸವನ್ನು ವಿನಯದಿಂದ ನೆನಪಿಸಬಹುದು.

ಹೊರಡುವ ದಿನ

ಒಬ್ಬರೇ ಬರುತ್ತಿದ್ದರೆ ದಾರಿಯಲ್ಲಿಯೇ, ವಾಹನ ನಿಲ್ಲಿಸಿ, ನೆರವಿನ ಸಿಬ್ಬಂದಿಗೆ ಕರೆ ಮಾಡಿ ತಲುಪುವ ವೇಳೆ ತಿಳಿಸಿ. ಜಾಗ ತಲುಪಿದ ಮೇಲೆ ಓರೆಗೆರೆ ಪಟ್ಟಿ ನೀವು ಇಳಿಯುವ ಬದಿಗೆ ಬರುವಂತೆ ನಿಲ್ಲಿಸಬೇಕು. ಅದು ವಿರುದ್ಧ ಬದಿಗಿದ್ದರೆ ಮುಂದಿನಿಂದ ಹೋಗುವ ಬದಲು ಹಿಂದಕ್ಕೆ ತಂದು ನಿಲ್ಲಿಸಿದರೆ ಸರಿಹೋಗುತ್ತದೆ. ಜೊತೆಗೆ ಚಾಲಕರಿದ್ದರೆ, ಪ್ರಯಾಣಿಕರನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಿ ಬರುತ್ತೇನೆಂದು ಹೋಗುವುದು ಸಹಜ. ನನ್ನ ಸಲಹೆ ಇದಕ್ಕೆ ವಿರುದ್ಧವಾಗಿದೆ: ನೆರವಿನ ಸಿಬ್ಬಂದಿ ಎದುರಿಗೆ ಬಂದು ನಿಂತಿರದಿದ್ದರೆ ಇಬ್ಬರೂ ಒಟ್ಟಿಗೆ ಪಾರ್ಕಿಂಗ್‌ಗೆ ಹೋಗಿ ಅಲ್ಲಿಂದಲೇ ಬನ್ನಿ. ತಾನಾಗಿ ಚಲಿಸಲಾಗದವರನ್ನು ಸಾಮಾನುಗಳ ಜೊತೆ ಬಿಸಿಲಿನಲ್ಲೋ ಮಳೆಯಲ್ಲೋ ಒಂಟಿಯಾಗಿ ಕೂರಿಸಿ ಹೋಗುವುದು ಅವರಿಗೆ ಎಷ್ಟು ಅಸಹಾಯಕ ಅನುಭವ ಎಂಬುದು ಕೂತವರಿಗಷ್ಟೇ ಗೊತ್ತು.

ಕೈಯಿಂದ ಬ್ರೇಕ್ ಮತ್ತು ವೇಗ ನಿಯಂತ್ರಿಸುವಂತೆ ಮಾರ್ಪಡಿಸಿದ ಕಾರಿನ ಕೀಲಿಯನ್ನು ವ್ಯಾಲೆ ಪಾರ್ಕಿಂಗ್ ಸಿಬ್ಬಂದಿಗೆ ಕೊಡುವಾಗ ಮಾರ್ಪಾಡನ್ನು ತೋರಿಸಿ ವಿವರಿಸಬೇಕು; ಅವರಿಗೆ ಅಭ್ಯಾಸವಿಲ್ಲದಿದ್ದರೆ ಕೀಲಿ ಕೊಡದಿರುವುದೇ ಕ್ಷೇಮ. ಕಾರನ್ನು ಬಿಟ್ಟುಹೋಗುವ ಮೊದಲು ಅದರ ಎರಡೂ ಬದಿಯ, ಗೆರೆಗಳೂ ಫಲಕವೂ ಕಾಣುವಂತಹ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ.

ಮೀಸಲು ಜಾಗದಲ್ಲಿ ಅನ್ಯರ ಕಾರು ನಿಂತಿದ್ದರೆ ಅವರ ಜೊತೆ ವಾದಕ್ಕಿಳಿದು ವಿಮಾನ ತಪ್ಪಿಸಿಕೊಳ್ಳಬೇಡಿ. ನೋಡಿದರೆ ತಿಳಿಯದ ಅಂಗವೈಕಲ್ಯಗಳೂ ಇವೆ. ಕಾರ್ಡು ಇಲ್ಲದ ವಾಹನವಾದರೆ ಪಾರ್ಕಿಂಗ್ ಕಚೇರಿಗೆ ಕರೆ ಮಾಡಿ, ಪಕ್ಕಪಕ್ಕದ ಎರಡು ಮಾಮೂಲಿ ಜಾಗಗಳನ್ನು ಬಳಸಲು ಅನುಮತಿ ಕೇಳಿ, ಅನುಮತಿ ಕೊಟ್ಟವರ ಹೆಸರನ್ನು ಬರೆದುಕೊಳ್ಳಿ.

ಮರಳಿ ಬರುವಾಗ

ಕಷ್ಟಗಳು ಹೆಚ್ಚಾಗುವುದು ಮರಳುವಾಗ, ಅದರಲ್ಲೂ ದಿನದ ಕೊನೆಯ ವಿಮಾನದಲ್ಲಿ ಬಂದಿಳಿದಾಗ. ಇಳಿಯುವ ಮೊದಲೇ ವಿಮಾನದ ಸಿಬ್ಬಂದಿಗೆ ಎರಡು ವಿಷಯ ಹೇಳಿ: ನಿಮ್ಮ ಸ್ವಂತ ಕುರ್ಚಿ ವಿಮಾನದ ಬಾಗಿಲಿಗೇ ಬರಬೇಕು, ಮತ್ತು ನೆರವು ಸಾಮಾನು ಪಡೆಯುವ ಜಾಗಕ್ಕೆ ಮುಗಿಯದೆ ಕಾರಿನವರೆಗೂ ಬೇಕು. ಶುಲ್ಕವನ್ನು ಟರ್ಮಿನಲ್ಲಿನ ಒಳಗಿನ ಯಂತ್ರದಲ್ಲೇ, ನೆರವಿನವರು ಜೊತೆಗಿರುವಾಗಲೇ ಪಾವತಿಸಿಬಿಡಿ.

ಕಾರಿನ ಬಳಿ ಹೋದಾಗ ಓರೆಗೆರೆ ಪಟ್ಟಿಯ ಮೇಲೆ ಬೇರೊಂದು ವಾಹನ ನಿಂತು ನಿಮ್ಮ ಬಾಗಿಲು ತೆರೆಯದಂತಾಗಿರಬಹುದು. ಅಲ್ಲಿ ಖಾಲಿ ಜಾಗವಿದೆಯೆಂದು ನಿಲ್ಲಿಸಿದವರಿಗೆ ಅದೇ ನಿಮ್ಮ ಬಾಗಿಲು ತೆರೆಯುವ ಜಾಗ ಎಂಬುದು ಹೊಳೆದಿರುವುದಿಲ್ಲ. ಜೊತೆಗಿರುವವರು ಕಾರನ್ನು ಹೊರತೆಗೆದು ಬಯಲಿನಲ್ಲಿ ನಿಲ್ಲಿಸಿದರೆ ಸಮಸ್ಯೆ ಬಗೆಹರಿಯುತ್ತದೆ; ಒಬ್ಬರೇ ಇದ್ದರೆ ಆ ವಾಹನವನ್ನು ತೆಗೆಸುವ ಅಧಿಕಾರ ಇರುವವರನ್ನು ಕರೆಸಬೇಕು. ಆದುದರಿಂದಲೇ ಇಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿ: ನೀವು ಕಾರಿನೊಳಗೆ ಕುಳಿತು, ಕುರ್ಚಿ ಒಳಗೆ ಸೇರಿ, ಎಂಜಿನ್ ಚಾಲೂ ಆಗುವವರೆಗೆ ನೆರವಿನ ಸಿಬ್ಬಂದಿಯನ್ನು ಕಳಿಸಬೇಡಿ. ಹಲವು ದಿನ ನಿಂತ ಕಾರಿನ ಬ್ಯಾಟರಿ ಇಳಿದಿರುವ ಸಾಧ್ಯತೆಯೂ ಇದೆ, ಮತ್ತು ಕೊನೆಯ ವಿಮಾನದ ನಂತರ ಟರ್ಮಿನಲ್ಲಿನ ಬಾಗಿಲು ಮುಚ್ಚಿದ ಮೇಲೆ ಪಾರ್ಕಿಂಗ್‌ನಲ್ಲಿ ಒಂಟಿಯಾಗಿ ಉಳಿಯುವುದು ಯಾರಿಗೂ ಬರಬಾರದ ಪಾಡು.

ಊರು ತಲುಪಿದ ವಾರದೊಳಗೆ ನಿಲ್ದಾಣದ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆಯಿರಿ. ಚಿಕ್ಕ ನಿಲ್ದಾಣದಲ್ಲಿ ಅದನ್ನು ಓದುವವರೇ ಕೆಲಸ ಮಾಡಿಸುವವರೂ ಆಗಿರುವ ಸಂಭವ ಹೆಚ್ಚು. ‘ಸೌಲಭ್ಯ ಸರಿಯಿಲ್ಲ’ ಎಂದಷ್ಟೇ ಬರೆಯದೆ, ಓರೆಗೆರೆ ಪಟ್ಟಿಯ ಅಗಲ ಎಷ್ಟು, ಬಣ್ಣ ಎಲ್ಲಿ ಮಾಸಿದೆ, ಫಲಕ ನಿಂತ ಕಾರಿನ ಹಿಂದೆ ಮರೆಯಾಗುತ್ತದೆಯೇ, ಫುಟ್‌ಪಾತ್ ಇಳಿಜಾರಿನ ತುದಿಯಲ್ಲಿ ಎಷ್ಟು ಎತ್ತರದ ಅಂಚು ಉಳಿದಿದೆ ಎಂಬುದನ್ನು ಅಳತೆ ಮತ್ತು ಚಿತ್ರಗಳ ಸಮೇತ ತಿಳಿಸಿ. ಇವುಗಳಲ್ಲಿ ಹೆಚ್ಚಿನವು ಒಂದು ಡಬ್ಬಿ ಬಣ್ಣ, ಒಂದು ಕಂಬ, ಅರ್ಧ ದಿನದ ಗಾರೆ ಕೆಲಸದಲ್ಲಿ ಸರಿಹೋಗುವಂಥವು. ಸರಿಯಾಗಿ ನಡೆದುಕೊಂಡ ಸಿಬ್ಬಂದಿಯಿದ್ದರೆ ಅವರ ಕೆಲಸವನ್ನೂ ಅದೇ ಪತ್ರದಲ್ಲಿ ದಿನಾಂಕ ಮತ್ತು ವಿಮಾನದ ಸಂಖ್ಯೆಯೊಂದಿಗೆ ನಮೂದಿಸಿ.